ಮನೆಗೆ ನರ್ಸ್ ಗೊತ್ತುಮಾಡುವ ಮುನ್ನ

ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳುಹಿಸುವ ದಿನ ಎಲ್ಲರಿಗೂ ಅವಸರ. ಬಿಲ್ಲು ಕಟ್ಟಬೇಕು, ಔಷಧ ತರಬೇಕು, ವಾಹನ ಗೊತ್ತುಮಾಡಬೇಕು. ಇವೆಲ್ಲದರ ನಡುವೆ ಯಾರೋ ಒಬ್ಬರು ಮನೆಯಲ್ಲಿ ನೋಡಿಕೊಳ್ಳಲು ನರ್ಸ್ ಇಟ್ಟುಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ಫೋನ್ ನಂಬರು ಕೊಡುತ್ತಾರೆ, ಸಂಜೆಯಾಗುವಷ್ಟರಲ್ಲಿ ಅಪರಿಚಿತರೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಅವರು ನರ್ಸಿಂಗ್ ಓದಿದವರೇ, ಈ ರೋಗಿಗೆ ಬೇಕಾದ ಕೆಲಸವನ್ನು ಹಿಂದೆ ಮಾಡಿದವರೇ, ಅವರ ಮೇಲೆ ಉಸ್ತುವಾರಿ ಯಾರದ್ದು ಎಂಬುದನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ನಮ್ಮ ಕುಟುಂಬದಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಸೋದರತ್ತೆಯ ಆರೈಕೆಯ ಏರ್ಪಾಡು ನನ್ನ ಪಾಲಿಗೆ ಬಂದಿತ್ತು. ಆ ಅನುಭವದಿಂದಲೂ ಅನಂತರ ಹಲವು ನರ್ಸುಗಳೊಡನೆ ಆಡಿದ ಮಾತುಗಳಿಂದಲೂ ತಿಳಿದದ್ದನ್ನು, ಇದೇ ಅವಸರದಲ್ಲಿ ಸಿಲುಕಿರುವವರಿಗೆ ನೆರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಯಾರನ್ನು ಕರೆಸುವುದು ಎಂದು ಯೋಚಿಸುವುದಕ್ಕೂ ಮೊದಲು ರೋಗಿಯ ಒಂದು ಪೂರ್ತಿ ದಿನವನ್ನು ಕಾಗದದ ಮೇಲೆ ಬರೆಯಬೇಕು. ಬೆಳಿಗ್ಗೆ ಎದ್ದಾಗಿನಿಂದ ಮರುದಿನ ಬೆಳಗಿನವರೆಗೆ ಆ ದೇಹಕ್ಕೆ ಏನೇನು ಬೇಕು, ಯಾವ ಹೊತ್ತಿಗೆ ಬೇಕು, ಅದನ್ನು ಮಾಡಲು ಎಂಥ ತರಬೇತಿ ಬೇಕು ಎಂಬುದನ್ನು ಗಂಟೆಗಂಟೆಯ ಲೆಕ್ಕದಲ್ಲಿ ಬರೆದು, ಡಿಸ್ಚಾರ್ಜ್ ಸಮ್ಮರಿಯನ್ನು ಪಕ್ಕದಲ್ಲಿಟ್ಟುಕೊಂಡು, ವಾರ್ಡಿನಲ್ಲಿ ರೋಗಿಯನ್ನು ನೋಡಿಕೊಂಡ ನರ್ಸಿನ ಎದುರು ಒಮ್ಮೆ ಓದಿ ಹೇಳಬೇಕು. ವೈದ್ಯರಿಗಿಂತಲೂ ವಾರ್ಡಿನ ನರ್ಸಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ರಾತ್ರಿ ಎಷ್ಟು ಸಲ ಕಫ ತೆಗೆಯಬೇಕಾಯಿತು, ಮಗ್ಗುಲು ಬದಲಿಸುವಾಗ ಎಷ್ಟು ಜನ ಬೇಕಾದರು, ಯಾವ ಮಾತ್ರೆಯನ್ನು ರೋಗಿ ಉಗುಳುತ್ತಾರೆ ಎಂಬುದೆಲ್ಲ ಅವರ ಕೈಯಲ್ಲೇ ನಡೆದಿರುತ್ತದೆ. ಈ ಹಾಳೆ ಸಿದ್ಧವಾದರೆ ಅರ್ಧ ಆಯ್ಕೆ ಮುಗಿದಂತೆಯೇ.

ಹಾಳೆಯಲ್ಲಿರುವ ಕೆಲಸಗಳನ್ನು ಓದಿದಾಗ ಅವು ಸಾಮಾನ್ಯವಾಗಿ ಎರಡು ಬಗೆಯಾಗಿ ಬೇರ್ಪಡುತ್ತವೆ. ಸ್ನಾನ, ಬಟ್ಟೆ ಬದಲಾವಣೆ, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ನಡೆಯುವಾಗ ಆಸರೆಯಾಗುವುದು, ಒಂಟಿಯಾಗಿ ಬಿಡದೆ ಜೊತೆಗಿರುವುದು ಇವೆಲ್ಲ ಒಳ್ಳೆಯ ಆರೈಕೆ ಸಹಾಯಕರು, ಅಂದರೆ ನಾವು ಕೇರ್‌ಟೇಕರ್ ಅಥವಾ ಅಟೆಂಡರ್ ಎಂದು ಕರೆಯುವವರು ಮಾಡಬಲ್ಲ ಕೆಲಸಗಳು. ಇವನ್ನು ಕೀಳು ಎಂದು ತಿಳಿಯುವುದು ದೊಡ್ಡ ಅನ್ಯಾಯ. ರೋಗಿಯ ದಿನದ ನೆಮ್ಮದಿ ಬಹುಪಾಲು ಇವುಗಳ ಮೇಲೆಯೇ ನಿಂತಿರುತ್ತದೆ. ಆದರೆ ಇಂಜೆಕ್ಷನ್ ಮತ್ತು ಡ್ರಿಪ್, ಆಳವಾದ ಗಾಯದ ಡ್ರೆಸ್ಸಿಂಗ್, ಮೂತ್ರದ ಕ್ಯಾಥೆಟರ್ (ಮೂತ್ರ ಹೊರಹರಿಯಲು ಮೂತ್ರಕೋಶಕ್ಕೆ ಹಾಕುವ ಕೊಳವೆ) ಹಾಕುವುದು ಮತ್ತು ಬದಲಿಸುವುದು, ಆಹಾರ ಕೊಡಲು ಹಾಕಿದ ಮೂಗಿನ ನಳಿಕೆಯ ಜವಾಬ್ದಾರಿ, ಟ್ರೇಕಿಯಾಸ್ಟಮಿಯಿಂದ (ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ರಂಧ್ರ) ಕಫ ಎಳೆಯುವುದು, ಆಮ್ಲಜನಕದ ಪ್ರಮಾಣ ನೋಡಿಕೊಳ್ಳುವುದು ಇವು ನರ್ಸಿಂಗ್ ಓದಿ ನೋಂದಣಿ ಪಡೆದವರ ಕೆಲಸ. ಇವುಗಳಲ್ಲಿ ಕೈಚಳಕದಷ್ಟೇ ತೀರ್ಮಾನವೂ ಬೇಕಾಗುತ್ತದೆ. ಇನ್ಸುಲಿನ್ ಚುಚ್ಚುವುದನ್ನು ಮನೆಯವರೇ ಕಲಿತುಕೊಳ್ಳಬಹುದು. ಈ ಹೊತ್ತು ಚುಚ್ಚಬಹುದೇ, ತಡೆಯಬೇಕೇ, ವೈದ್ಯರಿಗೆ ಫೋನ್ ಮಾಡಬೇಕೇ ಎಂದು ನಿರ್ಧರಿಸುವುದಕ್ಕಾಗಿ ನಾವು ನರ್ಸನ್ನು ಕರೆಸುತ್ತೇವೆ.

ಈ ಭೇದವನ್ನು ಮರೆತಾಗ ಎರಡು ಕಡೆಯಿಂದಲೂ ನಷ್ಟವಾಗುತ್ತದೆ. ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬಿಟ್ಟರೆ ಬೇರೆ ವೈದ್ಯಕೀಯ ಅಗತ್ಯವೇ ಇಲ್ಲದ ರೋಗಿಗೆ ಹಗಲು ರಾತ್ರಿ ನರ್ಸನ್ನು ಇಟ್ಟುಕೊಂಡು ಕುಟುಂಬ ಸಾಲಕ್ಕೆ ಬೀಳುವುದುಂಟು. ಟ್ರೇಕಿಯಾಸ್ಟಮಿ ಇರುವ ರೋಗಿಯನ್ನು ಎಂಟು ದಿನದ ತರಬೇತಿಯೂ ಇಲ್ಲದವರ ಕೈಗೆ ಒಪ್ಪಿಸಿ ನಿದ್ದೆಗೆ ಜಾರುವ ಮನೆಗಳೂ ಉಂಟು. ಎರಡನೆಯದು ಪ್ರಾಣಕ್ಕೆ ಸಂಚಕಾರ. ಬಹಳಷ್ಟು ಮನೆಗಳಿಗೆ ಹೊಂದುವುದು ನಡುವಿನ ದಾರಿ: ನರ್ಸ್ ಗೊತ್ತಾದ ಹೊತ್ತಿಗೆ ಬಂದು ವೈದ್ಯಕೀಯ ಕೆಲಸ ಮುಗಿಸಿ, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಹೋಗುವುದು, ಉಳಿದ ಹೊತ್ತು ಸಹಾಯಕರೂ ಮನೆಯವರೂ ಅವರು ಹೇಳಿಕೊಟ್ಟಂತೆ ನಡೆಸುವುದು. ಇಡೀ ದಿನದ ನರ್ಸ್ ಬೇಕಾಗುವುದು ಉಸಿರಾಟದ ದಾರಿಯಲ್ಲಿ ಯಾವ ಗಳಿಗೆಯಲ್ಲಾದರೂ ತೊಂದರೆಯಾಗಬಹುದಾದ, ವೆಂಟಿಲೇಟರ್ ಆಶ್ರಯದಲ್ಲಿರುವ, ಅಥವಾ ಗಂಟೆಗಂಟೆಗೆ ಸ್ಥಿತಿ ಬದಲಾಗುವ ರೋಗಿಗಳಿಗೆ.

ನರ್ಸಿನ ಕಣ್ಣು ಎಂದರೇನು ಎಂಬುದು ನನಗೆ ಅರ್ಥವಾದದ್ದು ಒಂದು ಹಿಮ್ಮಡಿಯ ಮೂಲಕ. ಮನೆಗೆ ಬಂದ ನರ್ಸ್ ಮೊದಲ ದಿನ ಕೈ ತೊಳೆದುಕೊಂಡು, ಅತ್ತೆಯ ಹೊದಿಕೆಯನ್ನು ಕಾಲ ಕಡೆಯಿಂದ ತೆಗೆದು, ಎರಡೂ ಹಿಮ್ಮಡಿಗಳನ್ನು ಎತ್ತಿ ಬೆಳಕಿಗೆ ಹಿಡಿದರು. ಎಡ ಹಿಮ್ಮಡಿಯ ಅಂಚಿನಲ್ಲಿ ನಾಣ್ಯದಗಲದ ಕೆಂಪು ಇತ್ತು. ನಾವು ಅದನ್ನು ಹಾಸಿಗೆಯ ಒತ್ತಿನ ಗುರುತು ಎಂದುಕೊಂಡು ಸುಮ್ಮನಿದ್ದೆವು. ಅವರು ಬೆರಳಿನಿಂದ ಅದನ್ನು ಕೆಲವು ಕ್ಷಣ ಒತ್ತಿ ಬಿಟ್ಟರು. ಒತ್ತಿದ ಜಾಗ ಬಿಳಿಚಿಕೊಳ್ಳಲಿಲ್ಲ. 'ನೋಡಿ, ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದು ಅರ್ಥ. ಇದು ಬದಲಾಗುತ್ತಿಲ್ಲ, ಹುಣ್ಣು ಶುರುವಾಗಿದೆ' ಎಂದರು. ಹಾಸಿಗೆ ಹುಣ್ಣಿನ ಮೊದಲ ಹಂತ ಅದೇ. ಚರ್ಮ ಇನ್ನೂ ಒಡೆದಿರುವುದಿಲ್ಲ, ಆದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಅಂಗಾಂಶಕ್ಕೆ ರಕ್ತ ತಲುಪದೆ ಒಳಗೆ ಹಾನಿ ಆರಂಭವಾಗಿರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಣ್ಣಿಗೆ ಕಾಣದೆಯೂ ಇರಬಹುದಾದ್ದರಿಂದ ಅಲ್ಲಿನ ಚರ್ಮ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು ಎಂದೂ ಅವರು ಹೇಳಿದರು.

ಆಮೇಲೆ ಅವರು ಮಾಡಿದ್ದು ದೊಡ್ಡ ಚಿಕಿತ್ಸೆಯೇನಲ್ಲ. ಮೀನಖಂಡದ ಕೆಳಗೆ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಿದರು, ಆ ಜಾಗವನ್ನು ಉಜ್ಜಬಾರದೆಂದರು, ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಮಗ್ಗುಲಿಗೆ ಹೊರಳಿಸುವಾಗ ಪೂರ್ತಿ 90 ಡಿಗ್ರಿ ಹೊರಳಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರ ಬೀಳುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು ಎಂದು ತೋರಿಸಿಕೊಟ್ಟರು. ಗಾಳಿ ಹಾಸಿಗೆ ಇದೆಯಲ್ಲ ಎಂದು ನಾವು ಕೇಳಿದ್ದಕ್ಕೆ, ಅದು ಒತ್ತಡ ಹಂಚಲು ನೆರವಾಗುತ್ತದೆಯೇ ಹೊರತು ಹೊರಳಿಸುವ ಕೆಲಸವನ್ನು ತಪ್ಪಿಸುವುದಿಲ್ಲ ಎಂದರು. ಆ ಕೆಂಪು ಕ್ರಮೇಣ ಮಾಯವಾಯಿತು. ಅದೇ ಜಾಗ ಒಡೆದು ಆಳಕ್ಕಿಳಿದಿದ್ದರೆ ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತಿದ್ದವು.

ಆದ್ದರಿಂದಲೇ ನರ್ಸನ್ನು ಆರಿಸುವಾಗ 'ಎಷ್ಟು ವರ್ಷದ ಅನುಭವ?' ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನೋಂದಣಿ ಪತ್ರ ನೋಡಬೇಕು, ಅದು ಚಾಲ್ತಿಯಲ್ಲಿದೆಯೇ ಎಂದು ನೋಂದಣಿ ಕೊಡುವ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳಬೇಕು, ಹಿಂದೆ ಕೆಲಸ ಮಾಡಿದ ಮನೆಯವರೊಡನೆ ಅಥವಾ ಆಸ್ಪತ್ರೆಯವರೊಡನೆ ಮಾತನಾಡಬೇಕು, ಇವು ಬಿಡುವಂಥವಲ್ಲ. ಆದರೆ ಮುಖ್ಯವಾದ ಪರೀಕ್ಷೆ ನಡೆಯುವುದು ನಮ್ಮ ರೋಗಿಯ ಹಾಳೆಯಿಂದ ಒಂದು ಕೆಲಸವನ್ನು ಆರಿಸಿ, ಅದನ್ನು ನೀವು ಹೇಗೆ ಮಾಡುತ್ತೀರಿ ಎಂದು ಕೇಳಿದಾಗ. ಉತ್ತರ ಸರಿಯೇ ಎಂದು ಅಳೆಯಲು ಮನೆಯವರಿಗೂ ಸ್ವಲ್ಪ ತಿಳಿದಿರಬೇಕಾದ್ದರಿಂದ ನಾನು ಕೇಳುವ ಒಂದೆರಡು ಪ್ರಶ್ನೆಗಳನ್ನು ಉತ್ತರದೊಡನೆ ಹೇಳುತ್ತೇನೆ.

ಮೂಗಿನ ನಳಿಕೆಯಿಂದ ಆಹಾರ ಕೊಡುವ ಮುನ್ನ ಏನೇನು ನೋಡುತ್ತೀರಿ ಎಂದು ಕೇಳಿ. ತಿಳಿದವರು ಮೊದಲು ನಳಿಕೆಯ ಮೇಲೆ ಮೂಗಿನ ಬಳಿ ಮಾಡಿದ ಗುರುತು ಜರುಗಿಲ್ಲವೆಂದು ನೋಡುತ್ತಾರೆ, ಸಿರಿಂಜಿನಿಂದ ಸ್ವಲ್ಪ ದ್ರವ ಎಳೆದು ಆಮ್ಲೀಯತೆ ಪರೀಕ್ಷಿಸುತ್ತಾರೆ (ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಳಿಕೆಯ ತುದಿ ಜಠರದಲ್ಲಿದೆ ಎಂದು ನಂಬಬಹುದು), ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸುತ್ತಾರೆ, ಆಹಾರದ ಮುಂಚೆ ಮತ್ತು ಆಮೇಲೆ ನೀರು ಹಾಯಿಸುತ್ತಾರೆ, ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ರೋಗಿಯನ್ನು ಅಂಗಾತ ಮಲಗಿಸುವುದಿಲ್ಲ. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪಿನಿಂದ ಶಬ್ದ ಕೇಳುವುದಷ್ಟೇ ಸಾಕು ಎನ್ನುವವರು ಹಳೆಯ ರೂಢಿಯಲ್ಲೇ ನಿಂತಿದ್ದಾರೆ. ನಳಿಕೆ ಶ್ವಾಸಕೋಶದಲ್ಲಿದ್ದಾಗಲೂ ಅಂಥ ಶಬ್ದ ಕೇಳಿಸಬಹುದು. ಕೊಡುತ್ತಿರುವಾಗ ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಏನು ಮಾಡುತ್ತೀರಿ ಎಂದೂ ಕೇಳಿ. ತಕ್ಷಣ ನಿಲ್ಲಿಸುತ್ತೇನೆ ಎಂಬ ಮಾತು ತಡವಿಲ್ಲದೆ ಬರಬೇಕು.

ಮಧುಮೇಹವಿರುವವರಾದರೆ ನನ್ನ ಪ್ರಶ್ನೆ ಇದು: ಊಟಕ್ಕೆ ಮುಂಚಿನ ಇನ್ಸುಲಿನ್ ಹೊತ್ತಾಗಿದೆ, ಆದರೆ ರೋಗಿ ಊಟ ಬೇಡವೆನ್ನುತ್ತಿದ್ದಾರೆ, ಏನು ಮಾಡುತ್ತೀರಿ? ವೈದ್ಯರು ಬರೆದಿದ್ದಾರೆ, ಆದ್ದರಿಂದ ಕೊಟ್ಟುಬಿಡುತ್ತೇನೆ ಎಂಬ ಉತ್ತರ ಬಂದರೆ ನಾನು ಮುಂದಕ್ಕೆ ಹೋಗುವುದಿಲ್ಲ. ಶುಗರ್ ನೋಡುತ್ತೇನೆ, ತಿನ್ನುವುದು ಖಚಿತವಾಗುವವರೆಗೆ ಊಟದ ಇನ್ಸುಲಿನ್ ತಡೆಯುತ್ತೇನೆ, ವೈದ್ಯರನ್ನು ಕೇಳುತ್ತೇನೆ ಎನ್ನುವವರಿಗೆ ಕೆಲಸದ ಹಿಂದಿನ ಕಾರಣ ಗೊತ್ತಿದೆ. ಶುಗರ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಬಲ್ಲ ರೋಗಿಗೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ಮನೆಯವರಿಗೂ ಬಾಯಿಪಾಠವಾಗಿರಬೇಕು.

ಕ್ಯಾಥೆಟರ್ ಬಗ್ಗೆ ಹೆಚ್ಚು ಕೇಳಬೇಕಾಗಿಲ್ಲ. ಅವರು ರೋಗಿಯನ್ನು ಹೊರಳಿಸುವಾಗ ಮೂತ್ರದ ಚೀಲವನ್ನು ಏನು ಮಾಡುತ್ತಾರೆಂದು ನೋಡಿದರೆ ಸಾಕು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಕೊಳವೆ ಮಡಚಿರಬಾರದು. ಅನುಕೂಲವೆಂದು ಅದನ್ನು ಹಾಸಿಗೆಯ ಮೇಲೆ, ಹೊಟ್ಟೆಯ ಮಟ್ಟಕ್ಕೆ ಇಟ್ಟುಬಿಡುವವರು ಸೋಂಕಿಗೆ ದಾರಿ ಮಾಡಿಕೊಡುತ್ತಾರೆ.

ಪ್ರಶ್ನೆ ಕೇಳುವಾಗ ಸಿಗುವ ಅತ್ಯುತ್ತಮ ಉತ್ತರಗಳಲ್ಲಿ 'ಇದನ್ನು ನಾನು ಮಾಡಿಲ್ಲ, ಒಮ್ಮೆ ತೋರಿಸಿಕೊಟ್ಟರೆ ಮೇಲ್ವಿಚಾರಕರ ಎದುರು ಮಾಡುತ್ತೇನೆ' ಎಂಬುದೂ ಒಂದು. ಅಷ್ಟು ಹೇಳುವ ಧೈರ್ಯವಿರುವವರು ರಾತ್ರಿ ಎರಡು ಗಂಟೆಗೆ ಸಂಶಯ ಬಂದಾಗಲೂ ಮನೆಯವರನ್ನು ಎಬ್ಬಿಸುತ್ತಾರೆ.

ಏಜೆನ್ಸಿಯ ಮೂಲಕ ಹೋಗಬೇಕೇ, ನೇರವಾಗಿ ಒಬ್ಬರನ್ನು ಗೊತ್ತುಮಾಡಬೇಕೇ ಎಂಬ ಚರ್ಚೆಯಲ್ಲಿ ನನ್ನ ಒಲವು, ವೈದ್ಯಕೀಯ ಕೆಲಸ ಹೆಚ್ಚಿದ್ದಷ್ಟೂ ಏಜೆನ್ಸಿಯ ಕಡೆಗೆ. ಆದರೆ ಒಂದು ಷರತ್ತಿನೊಡನೆ. ಆ ಸಂಸ್ಥೆಯಲ್ಲಿ ಹಿರಿಯ ನರ್ಸೊಬ್ಬರು ಮನೆಗೆ ಬಂದು ರೋಗಿಯನ್ನು ನೋಡಿ ಆರೈಕೆಯ ಯೋಜನೆ ಬರೆದುಕೊಡಬೇಕು, ಆಮೇಲೂ ಗೊತ್ತಾದ ಅಂತರದಲ್ಲಿ ಬಂದು ಪರಿಶೀಲಿಸಬೇಕು. ಫೋನಿನಲ್ಲಿ ವಯಸ್ಸು ಮತ್ತು ವಿಳಾಸ ಮಾತ್ರ ಕೇಳಿ ನಾಳೆ ಒಬ್ಬರನ್ನು ಕಳಿಸುತ್ತೇವೆ ಎನ್ನುವ ಸಂಸ್ಥೆ ಜನರನ್ನು ಒದಗಿಸುತ್ತಿದೆಯಷ್ಟೆ, ಶುಶ್ರೂಷೆಯ ಹೊಣೆ ಹೊರುತ್ತಿಲ್ಲ. ಬರುವವರು ರಜೆ ಹಾಕಿದರೆ ಬದಲಿಗೆ ಯಾರು, ಬದಲಿಯಾಗಿ ಬರುವವರಿಗೆ ರೋಗಿಯ ವಿವರವನ್ನು ಯಾರು ಒಪ್ಪಿಸುತ್ತಾರೆ, ಸಾಮಗ್ರಿಯ ಖರ್ಚು ಯಾರದು, ದೂರು ಕೊಡಬೇಕಾದರೆ ಯಾರಿಗೆ, ಸೇವೆ ನಿಲ್ಲಿಸಲು ಎಷ್ಟು ದಿನ ಮುಂಚೆ ಹೇಳಬೇಕು ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಬಾಯಿಮಾತಿನ ಭರವಸೆ ಮೊದಲ ರಜೆಯ ದಿನವೇ ಕರಗಿಹೋಗುತ್ತದೆ.

ಒಬ್ಬರೇ ನರ್ಸ್ 24 ಗಂಟೆ ಮನೆಯಲ್ಲೇ ಇರುತ್ತಾರೆ ಎಂಬ ಏರ್ಪಾಡಿನ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಮನುಷ್ಯರಾದವರು 24 ಗಂಟೆ ಎಚ್ಚರವಿರಲಾರರು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿ, ಹಗಲಿಡೀ ಔಷಧ ಆಹಾರ ನೋಡಿಕೊಂಡವರ ಕೈಯಲ್ಲಿ ಕೆಲವೇ ದಿನಗಳಲ್ಲಿ ತಪ್ಪುಗಳಾಗತೊಡಗುತ್ತವೆ; ಅದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ರಾತ್ರಿಯೂ ಎಚ್ಚರ ಬೇಕಾದ ರೋಗಿಗೆ ಎರಡು ಪಾಳಿ ಬೇಕೇ ಬೇಕು. ಅಷ್ಟು ಶಕ್ತಿಯಿಲ್ಲದಿದ್ದರೆ ರಾತ್ರಿಯ ಪಾಲನ್ನು ಮನೆಯವರು ಹಂಚಿಕೊಂಡು, ನರ್ಸಿಗೆ ಬಾಗಿಲು ಹಾಕಿಕೊಂಡು ಮಲಗಬಲ್ಲ ಜಾಗವನ್ನೂ ಹೊತ್ತಿಗೆ ಸರಿಯಾದ ಊಟವನ್ನೂ ವಾರದ ಬಿಡುವನ್ನೂ ಕೊಡಬೇಕು. ಮನೆಗೆಲಸವನ್ನು ಅವರ ತಲೆಗೆ ಕಟ್ಟುವ ಮನೆಗಳನ್ನು ನೋಡಿ ನನಗೆ ನೋವಾಗಿದೆ. ಪಾತ್ರೆ ತೊಳೆಯುತ್ತಿರುವ ಹೊತ್ತಿನಲ್ಲಿ ಅವರ ಕಣ್ಣು ರೋಗಿಯ ಮೇಲೆ ಇರುವುದಿಲ್ಲ.

ಔಷಧದ ವಿಷಯದಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ದಿನಗಳು ಅಪಾಯದ ದಿನಗಳು. ಹಳೆಯ ಡಬ್ಬಿಯಲ್ಲಿರುವ ಮಾತ್ರೆಯೂ ಆಸ್ಪತ್ರೆ ಹೊಸದಾಗಿ ಬರೆದ ಮಾತ್ರೆಯೂ ಬೇರೆ ಬೇರೆ ಬ್ರ್ಯಾಂಡಿನ ಹೆಸರಿನಲ್ಲಿ ಒಂದೇ ಔಷಧವಾಗಿರಬಹುದು, ಎರಡನ್ನೂ ಕೊಟ್ಟರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಮೊದಲ ದಿನವೇ ನರ್ಸಿನೊಡನೆ ಕುಳಿತು ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲೆ ಸುರಿದು, ಪೊಟ್ಟಣದ ಮೇಲಿನ ಮೂಲ ಔಷಧದ ಹೆಸರನ್ನು ಪಟ್ಟಿಯೊಡನೆ ಹೋಲಿಸಿ, ನಿಲ್ಲಿಸಿದವುಗಳನ್ನು ಬೇರೆ ತೆಗೆದಿಡಬೇಕು. ನಳಿಕೆಯಿಂದ ಔಷಧ ಕೊಡುವ ರೋಗಿಯಾದರೆ ಇನ್ನೊಂದು ಎಚ್ಚರ: ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ದೇಹಕ್ಕೆ ಸೇರಿಬಿಡುತ್ತದೆ. ಅಂಥ ಮಾತ್ರೆಗೆ ಪರ್ಯಾಯ ಕೇಳಬೇಕೆಂದು ತಾನಾಗಿ ಹೇಳುವ ನರ್ಸ್ ಸಿಕ್ಕಿದರೆ ಬಿಡಬೇಡಿ. ಆಮ್ಲಜನಕವೂ ಔಷಧವೇ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಶೇಕಡಾ 94ರಿಂದ 98 ಇರಬೇಕೆಂಬುದು ಗುರಿಯಾಗಿದ್ದರೆ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹಲವರಿಗೆ ವೈದ್ಯರು 88ರಿಂದ 92 ಎಂದು ಬರೆಯುತ್ತಾರೆ. ಆಕ್ಸಿಮೀಟರಿನಲ್ಲಿ 90 ಕಂಡ ಮಗನೋ ಮಗಳೋ ಗಾಬರಿಯಿಂದ ಗುಂಡಿ ತಿರುಗಿಸಿ ಹೆಚ್ಚಿಸಿದರೆ ರೋಗಿಗೆ ತೊಂದರೆಯಾಗಬಹುದು. ಗುರಿ ಎಷ್ಟೆಂದು ವೈದ್ಯರಿಂದ ಬರೆಸಿಕೊಂಡು ಯಂತ್ರದ ಪಕ್ಕದಲ್ಲೇ ಅಂಟಿಸಿಡಿ.

ಪ್ರತಿದಿನದ ದಾಖಲೆ ಪುಸ್ತಕವನ್ನು ಓದುವ ಅಭ್ಯಾಸ ಮನೆಯವರಿಗೆ ಇರಬೇಕು. 'ರೋಗಿ ಆರಾಮವಾಗಿದ್ದಾರೆ, ಔಷಧ ಕೊಡಲಾಗಿದೆ' ಎಂದು ದಿನವೂ ಒಂದೇ ವಾಕ್ಯ ಬರೆದಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. 'ಮಧ್ಯಾಹ್ನ 2: ಜ್ವರ 100.4, ಮೂತ್ರ ಕಲಕಿದ ಬಣ್ಣ, ಬೆಳಿಗ್ಗೆಯಿಂದ 300 ಮಿಲಿ ಮಾತ್ರ, ಮಗಳ ಹೆಸರು ತಪ್ಪಾಗಿ ಕರೆದರು, ವೈದ್ಯರಿಗೆ 2.20ಕ್ಕೆ ಫೋನ್' ಎಂಬಂಥ ಒಂದು ಸಾಲು ಸೋಂಕನ್ನು ಅದರ ಆರಂಭದಲ್ಲೇ ಹಿಡಿದುಕೊಡುತ್ತದೆ. ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಕಾಣುವ ಗೊಂದಲ ಎಷ್ಟೋ ಸಲ ಸೋಂಕಿನ ಮೊದಲ ಸೂಚನೆಯಾಗಿರುತ್ತದೆ, ಅದನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕದೆ ಬರೆದಿಡುವವರು ಬೇಕು.

ಇಷ್ಟೆಲ್ಲ ನಿರ್ಧಾರಗಳ ನಡುವೆ ಹಾಸಿಗೆಯಲ್ಲಿರುವವರ ಇಚ್ಛೆಯನ್ನು ಕೇಳುವುದನ್ನು ಬಿಡಬಾರದು. ಮೈ ತೊಳೆಯುವವರು ಹೆಂಗಸೋ ಗಂಡಸೋ ಎಂಬುದು ಅವರಿಗೆ ಬಹಳ ದೊಡ್ಡ ವಿಷಯ. ಮುಟ್ಟುವ ಮುಂಚೆ ಏನು ಮಾಡುತ್ತೇನೆಂದು ಹೇಳುವುದು, ಬಾಗಿಲು ಮುಚ್ಚುವುದು, ತೊಳೆಯುತ್ತಿರುವ ಭಾಗವನ್ನು ಬಿಟ್ಟು ಉಳಿದ ಮೈಯನ್ನು ಹೊದಿಸಿಡುವುದು, ಮಾತನಾಡಲಾಗದ ರೋಗಿಯ ಎದುರು ಅವರು ಅಲ್ಲಿ ಇಲ್ಲವೆಂಬಂತೆ ಮಾತನಾಡದಿರುವುದು ಇವು ಮೊದಲ ಅರ್ಧ ಗಂಟೆಯಲ್ಲೇ ಕಾಣುತ್ತವೆ. ಒಳ್ಳೆಯ ಕೌಶಲವಿದ್ದೂ ಕೈ ಒರಟಾಗಿದ್ದರೆ, ರೋಗಿ ಅವರು ಬಂದೊಡನೆ ಮೈ ಬಿಗಿಹಿಡಿಯುತ್ತಿದ್ದರೆ, ನಾನಾಗಿದ್ದರೆ ಕಾರಣ ವಿಚಾರಿಸಿ, ಬದಲಾಗದಿದ್ದರೆ ಬೇರೊಬ್ಬರನ್ನು ಕೇಳುತ್ತೇನೆ.

ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ಸಾಯುವ ಸ್ಥಿತಿಯಲ್ಲಿದ್ದ ತನ್ನ ಹೆಂಡತಿಯ ಶುಶ್ರೂಷೆಗೆ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಮನೆಗೆ ಕರೆಸಿದ್ದ. 1859ರಲ್ಲಿ ಹೆಂಡತಿ ತೀರಿಕೊಂಡ ಮೇಲೆ, ತನಗೆ ದೊರೆತ ನೆಮ್ಮದಿ ಬಡವರ ಮನೆಗಳಿಗೂ ದೊರೆಯಲೆಂದು ಅದೇ ನರ್ಸಿಗೆ ತಾನೇ ಸಂಬಳ ಕೊಟ್ಟು ಅವರ ಮನೆಗಳಿಗೆ ಕಳುಹಿಸಿದ. ಮನೆಮನೆಗೆ ಹೋಗಿ ನೋಡುವ ಸಂಘಟಿತ ನರ್ಸಿಂಗ್ ಸೇವೆ ಬೆಳೆದದ್ದು ಅಲ್ಲಿಂದ. ಆ ಕೆಲಸದಲ್ಲಿ ಮನೆಯವರಿಗೆ ಆರೈಕೆಯನ್ನು ಹೇಳಿಕೊಡುವುದೂ ಮೊದಲಿನಿಂದಲೇ ಸೇರಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮನೆಗೆ ಬಂದ ನರ್ಸ್ ಮಾಡುವುದನ್ನು ದೂರದಿಂದ ನೋಡುತ್ತಾ ನಿಲ್ಲದೆ, ಹೊರಳಿಸುವುದು, ಬಾಯಿ ಸ್ವಚ್ಛಗೊಳಿಸುವುದು, ಚೀಲ ಖಾಲಿ ಮಾಡುವುದು, ಕೈ ಸರಿಯಾಗಿ ತೊಳೆಯುವುದು (ಸೋಪಿನಿಂದ 40ರಿಂದ 60 ಸೆಕೆಂಡ್) ಇವನ್ನು ಅವರ ಎದುರೇ ಮಾಡಿ ತಿದ್ದಿಸಿಕೊಳ್ಳಬೇಕು. ಕಲಿಸಲು ಒಲ್ಲದವರು, ಅಥವಾ ಕಲಿತರೆ ನಮಗೆ ಕೆಲಸ ತಪ್ಪುತ್ತದೆ ಎಂಬಂತೆ ನಡೆದುಕೊಳ್ಳುವ ಸಂಸ್ಥೆ, ಎರಡನ್ನೂ ನಾನು ಒಪ್ಪುವುದಿಲ್ಲ.

ಮನೆಯ ಆರೈಕೆಗೆ ಮಿತಿಯೂ ಇದೆ. ಉಸಿರಾಟ ಹೆಚ್ಚುತ್ತಾ ಹೋಗುವುದು, ಎಬ್ಬಿಸಿದರೂ ಎಚ್ಚರವಾಗದಿರುವುದು, ಮುಖ ಓರೆಯಾಗುವುದು ಅಥವಾ ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಎದೆನೋವು ಇವು ಕಂಡಾಗ ನರ್ಸ್ ಇದ್ದಾರಲ್ಲ ಎಂದು ಕಾಯದೆ ಆಂಬುಲೆನ್ಸ್ ಕರೆಯಬೇಕು. ಯಾವ ಸ್ಥಿತಿಯಲ್ಲಿ ಯಾರಿಗೆ ಮೊದಲು ಫೋನ್, ಯಾವ ಆಸ್ಪತ್ರೆಗೆ, ಯಾವ ಕಾಗದಗಳೊಡನೆ ಎಂಬುದನ್ನು ಮೊದಲ ದಿನವೇ ನಿರ್ಧರಿಸಿ ಬರೆದಿಟ್ಟಿರಬೇಕು. ರೋಗಿಯು ಗುಣಪಡಿಸಲಾಗದ ಕಾಯಿಲೆಯ ಕೊನೆಯ ಹಂತದಲ್ಲಿದ್ದು ಮತ್ತೆ ಆಸ್ಪತ್ರೆಗೆ ಹೋಗುವುದು ಬೇಡವೆಂದಿದ್ದರೆ, ಆ ನಿರ್ಧಾರವನ್ನೂ ವೈದ್ಯರೊಡನೆ ಮಾತನಾಡಿ ಬರವಣಿಗೆಯಲ್ಲಿಟ್ಟು, ರಾತ್ರಿಯ ಪಾಳಿಗೆ ಹೊಸದಾಗಿ ಬರುವವರಿಗೂ ತಿಳಿಸಿರಬೇಕು.

ಆರಂಭದಲ್ಲಿ ಬರೆದ ಯೋಜನೆ ಹಾಗೆಯೇ ಮುಂದುವರಿಯುತ್ತಿದ್ದರೆ ಯಾರೂ ಅದನ್ನು ಮತ್ತೆ ನೋಡಿಲ್ಲವೆಂದೇ ತಿಳಿಯಬಹುದು. ಗಾಯ ಕೂಡುತ್ತಾ ಬಂದಂತೆ ದಿನದ ಡ್ರೆಸ್ಸಿಂಗ್ ದಿನ ಬಿಟ್ಟು ದಿನವಾಗಬಹುದು, ನುಂಗುವ ಶಕ್ತಿ ಮರಳಿದರೆ ತಜ್ಞರು ಪರೀಕ್ಷಿಸಿ ನಳಿಕೆ ತೆಗೆಯಬಹುದು, ಕ್ಯಾಥೆಟರ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಬಹುದು, ಏಕೆಂದರೆ ಅದು ಇದ್ದಷ್ಟು ದಿನವೂ ಸೋಂಕಿನ ಅಪಾಯ ಹೆಚ್ಚುತ್ತಲೇ ಹೋಗುತ್ತದೆ. ಅತ್ತೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಎತ್ತಿದವರು ಆ ನರ್ಸೇ. ವೈದ್ಯರ ಒಪ್ಪಿಗೆ ಪಡೆದು ಕ್ಯಾಥೆಟರ್ ತೆಗೆದರು, ಮೂತ್ರ ತಾನಾಗಿ ಹೋಗುತ್ತದೆಯೇ ಎಂದು ಆ ದಿನವೆಲ್ಲ ಅಳೆದು ಬರೆದರು, ಮರುವಾರ ಇನ್ನು ನಾನು ದಿನವೂ ಬರಬೇಕಾಗಿಲ್ಲ, ವಾರಕ್ಕೆರಡು ಸಲ ಸಾಕು ಎಂದು ತಾವೇ ಹೇಳಿದರು.